‘ಆಸಮ್’ ದೇವರು ಮತ್ತು ಯೆರೆಮೀಯ ಕೈಬಿಟ್ಟ ವಿಶೇಷಣ

ಇಂಗ್ಲಿಷಿನ ‘ಆಸಮ್’ ಎಂಬ ವಿಶೇಷಣ ನಮ್ಮ ಗುರುಮಠದಲ್ಲಿ ದಿನಕ್ಕೆ ಎಷ್ಟು ಸಲ ಕೇಳಿಬರುತ್ತದೆಂದು ಎಣಿಸುವುದನ್ನು ನಾನು ಎಂದೋ ಬಿಟ್ಟಿದ್ದೇನೆ. ಭಾನುವಾರದ ಕೋಳಿಸಾರು ಆಸಮ್, ವಾಲಿಬಾಲ್ ಪಂದ್ಯದ ಕೊನೆಯ ಹೊಡೆತ ಆಸಮ್, ಯಾರದೋ ಹೊಸ ಫೋನಿನ ಕ್ಯಾಮೆರಾ ಆಸಮ್. ಕಳೆದ ವರ್ಷ ಪ್ರಬೋಧನಾ ತರಗತಿಯಲ್ಲಿ ಗುರುವಿದ್ಯಾರ್ಥಿಯೊಬ್ಬರು ಆದಿಕಾಂಡದ 28ನೆಯ ಅಧ್ಯಾಯವನ್ನು ವಿವರಿಸುತ್ತ, ನಿದ್ರೆಯಿಂದೆದ್ದ ಯಕೋಬನು ತಾನಿದ್ದ ಸ್ಥಳವನ್ನು ‘ಆಸಮ್’ ಎಂದು ಕರೆದನೆಂದರು. ತರಗತಿ ನಕ್ಕಿತು. ನಾನೂ ನಕ್ಕೆ. ಆಮೇಲೆ ನೋಡಿದರೆ ಅವರ ಕೈಯಲ್ಲಿದ್ದ ಇಂಗ್ಲಿಷ್ ಬೈಬಲಿನಲ್ಲಿ ಆ ವಾಕ್ಯದಲ್ಲಿ ಇದ್ದ ಪದ ಅದೇ. ಅವರು ತಪ್ಪಾಗಿ ಓದಿರಲಿಲ್ಲ. ನಾವು ನಕ್ಕದ್ದು ಪವಿತ್ರಗ್ರಂಥದ ಪದಕ್ಕೆ. ಅದು ಊಟದ ಮನೆಯ ಪದದಂತೆ ಕೇಳಿಸಿದ್ದರಿಂದ.

ಒಂದೇ ಪದಕ್ಕೆ ಹೀಗೆ ಎರಡು ಬಾಳುವೆ ಹೇಗೆ ಬಂತು, ಅದರಿಂದ ನಮ್ಮ ಸ್ತುತಿಗೆ ಏನಾಗಿದೆ ಎಂಬುದನ್ನು ವಿಚಾರಿಸುವುದು ಈ ಬರಹದ ಉದ್ದೇಶ. ಪದಗಳ ಸವಕಲುತನವನ್ನು ದೂರುವ ಬರಹಗಳು ಎಲ್ಲ ಕಾಲದಲ್ಲೂ ಬಂದಿವೆ. ಅವುಗಳಿಂದ ಯಾರ ನಾಲಿಗೆಯೂ ತಿದ್ದಿಲ್ಲ. ನನ್ನ ತಕರಾರು ಯುವಜನರ ಆಡುಮಾತಿನ ಮೇಲಲ್ಲ. ಬಲಿಪೀಠದ ಬಳಿ ನಿಂತು ಮಾತನಾಡುವ ನಮ್ಮ ಮೇಲೆ.

ಮೊದಲು ಪದದ ಚರಿತ್ರೆ, ಸಂಕ್ಷೇಪವಾಗಿ. ‘ಆ’ ಎಂಬ ಮೂಲಪದ ಇಂಗ್ಲಿಷಿಗೆ ಪ್ರಾಚೀನ ನಾರ್ಸ್ ಭಾಷೆಯಿಂದ ಬಂದುದು. ಅಲ್ಲಿ ಅದರ ಅರ್ಥ ಶುದ್ಧ ಭಯ, ದಿಗಿಲು. ಇಂಗ್ಲಿಷಿನಲ್ಲಿ ಅದು ದೇವರಿಗೂ ರಾಜನಿಗೂ ಸಲ್ಲುವ ಭಯವಾಗಿ, ಗೌರವ ಬೆರೆತ ಭಯವಾಗಿ ಮಾಗಿತು. 16ನೆಯ ಶತಮಾನದ ಕೊನೆಗೆ ‘ಆಸಮ್’ ಬಳಕೆಗೆ ಬಂದಾಗ ಅಂಥ ಭಯದಿಂದ ತುಂಬಿದವನೆಂದೂ, ತರುವಾಯ ಅಂಥ ಭಯವನ್ನು ಹುಟ್ಟಿಸುವಂಥದೆಂದೂ ಅರ್ಥವಿತ್ತು. 20ನೆಯ ಶತಮಾನದ ಉತ್ತರಾರ್ಧದಲ್ಲಿ, ವಿಶೇಷವಾಗಿ 1980ರ ದಶಕದ ಅಮೆರಿಕದ ಯುವಜನರ ಬಾಯಲ್ಲಿ, ಅದು ‘ಬಹಳ ಚೆನ್ನಾಗಿದೆ’ ಎಂಬುದಕ್ಕೆ ಇಳಿಯಿತು. ಅದೇ ಮೂಲದಿಂದ ಬಂದ ‘ಆಫುಲ್’ ಇನ್ನೊಂದು ದಿಕ್ಕಿಗೆ ಹೋಗಿ ‘ತೀರ ಕೆಟ್ಟದ್ದು’ ಎಂದಾಯಿತು. 18ನೆಯ ಶತಮಾನದ ಒಂದು ಪ್ರಸಿದ್ಧ ಇಂಗ್ಲಿಷ್ ಕೀರ್ತನಾಗೀತೆಯಲ್ಲಿ ದೇವರ ಸಿಂಹಾಸನಕ್ಕೆ ‘ಆಫುಲ್’ ಎಂಬ ವಿಶೇಷಣವಿತ್ತು. ನಮ್ಮ ಕಾಲದ ಕೆಲವು ಗೀತಸಂಪುಟಗಳು ಮುಜುಗರದಿಂದ ಅದನ್ನು ‘ಆಸಮ್’ ಎಂದು ತಿದ್ದಿವೆ. ಒಂದು ಹಳ್ಳದಿಂದ ಎತ್ತಿ ಇನ್ನೊಂದರಲ್ಲಿ ಇಟ್ಟಂತೆ.

ಕನ್ನಡಿಗರು ಇದನ್ನು ಪರಕೀಯರ ಚಾಳಿ ಎಂದು ನೋಡಬೇಕಿಲ್ಲ. ಬೆಂಗಳೂರಿನ ಬೀದಿಯಲ್ಲಿ ‘ಸಖತ್’ ಎನ್ನುವವನಿಗೆ ಅದು ಕಠಿಣ, ನಿಷ್ಠುರ ಎಂಬರ್ಥದ ಉರ್ದು ಪದವೆಂಬುದು ನೆನಪಿರುವುದಿಲ್ಲ. ಕರಾವಳಿಯಲ್ಲಿ ಊಟವೂ ‘ಭಯಂಕರ’ ಚೆನ್ನಾಗಿರುತ್ತದೆ. ಹೊಗಳುವಾಗ ಮನುಷ್ಯ ಭಯದ ಉಗ್ರಾಣಕ್ಕೆ ಕೈಹಾಕುತ್ತಾನೆ, ಎಲ್ಲ ಭಾಷೆಗಳಲ್ಲೂ. ಏಕೆಂದರೆ ನಮ್ಮನ್ನು ಮೀರಿದ್ದರ ಬಗ್ಗೆ ನಮಗೆ ಗೊತ್ತಿರುವ ಅತಿ ಹಳೆಯ ಭಾವ ಅದೇ.

ಹೀಬ್ರೂ ಪದಕ್ಕೆ ಬರೋಣ. ಯಕೋಬನ ಬಾಯಲ್ಲಿರುವ ಪದ ‘ನೋರಾ’. ‘ಯಾರೇ’, ಅಂದರೆ ಭಯಪಡು, ಎಂಬ ಧಾತುವಿನ ಕರ್ಮಣಿ ರೂಪ. ಭಯಪಡಲ್ಪಡುವ, ಭಯಕ್ಕೆ ಪಾತ್ರವಾದ ಎಂದು ಅಕ್ಷರಾರ್ಥ. ಲತೀನ್ ವುಲ್ಗಾತ ಇಲ್ಲಿ ಬಳಸಿರುವುದು ‘ತೆರ್ರಿಬಿಲಿಸ್’. ದೇವಾಲಯ ಪ್ರತಿಷ್ಠಾಪನೆಯ ಬಲಿಪೂಜೆಯ ಪ್ರವೇಶಗೀತೆ ಆ ಪದದಿಂದಲೇ ಆರಂಭವಾಗುತ್ತಿತ್ತೆಂಬುದನ್ನು ಹಿರಿಯ ಗುರುಗಳು ಬಲ್ಲರು. ಇಂಗ್ಲಿಷಿನ 1611ರ ಕಿಂಗ್ ಜೇಮ್ಸ್ ಆವೃತ್ತಿ ಈ ವಾಕ್ಯದಲ್ಲಿ ‘ಡ್ರೆಡ್‌ಫುಲ್’ ಎಂದೂ, ಧರ್ಮೋಪದೇಶಕಾಂಡ 10:17ರಲ್ಲಿ ‘ಟೆರಿಬಲ್’ ಎಂದೂ ಅನುವಾದಿಸಿತು. 111ನೆಯ ಕೀರ್ತನೆಯ 9ನೆಯ ವಾಕ್ಯದಲ್ಲಿ ದೇವರ ನಾಮವನ್ನು ಕುರಿತು ಅದೇ ‘ನೋರಾ’ ಬಂದಾಗ ಮಾತ್ರ ಅದು ಆಯ್ದುಕೊಂಡ ಪದ ‘ರೆವರೆಂಡ್’. ಆ ಆವೃತ್ತಿಯಲ್ಲಿ ಈ ಪದ ಬರುವುದು ಅದೊಂದೇ ಕಡೆ. ಸರ್ವೇಶ್ವರರ ನಾಮಕ್ಕೆ ಮೀಸಲಾದ ಅದನ್ನು ನಾವು ನಮ್ಮ ಲೆಟರ್‌ಹೆಡ್ಡುಗಳ ಮೇಲೆ ಹೆಸರಿನ ಹಿಂದೆ ಅಚ್ಚುಹಾಕಿಸಿಕೊಂಡಿದ್ದೇವೆ. ‘ಆಸಮ್’ ಎನ್ನುವ ಹುಡುಗರನ್ನು ಗದರಿಸುವ ಮೊದಲು ಇದನ್ನು ಒಮ್ಮೆ ನೆನೆಯುವುದು ಒಳ್ಳೆಯದು. ಪದಗಳನ್ನು ಅಗ್ಗಮಾಡುವುದರಲ್ಲಿ ಯಾಜಕವರ್ಗ ಯಾರಿಗೂ ಹಿಂದೆ ಬಿದ್ದಿಲ್ಲ.

ಬೈಬಲಿನ ಇಂಗ್ಲಿಷ್ ಪರಿಷ್ಕರಣೆಗಳ ಕಾಲಕ್ರಮದಲ್ಲಿ ಒಂದು ವಿಪರ್ಯಾಸವಿದೆ. 1952ರ ಪರಿಷ್ಕೃತ ಪ್ರಮಾಣ ಆವೃತ್ತಿ ಬೇತೇಲಿನ ಪ್ರಸಂಗದಲ್ಲಿ ‘ಆಸಮ್’ ಅನ್ನು ತಂದಿತಾದರೂ ಧರ್ಮೋಪದೇಶಕಾಂಡದಲ್ಲಿ ‘ಟೆರಿಬಲ್’ ಅನ್ನೇ ಉಳಿಸಿಕೊಂಡಿತು. 1989ರ ಹೊಸ ಪರಿಷ್ಕರಣೆ ಅಲ್ಲಿಯೂ ‘ಆಸಮ್’ ಎಂದಿತು. ಬೀದಿಯಲ್ಲಿ ಪದದ ಭಯ ಬಸಿದುಹೋಗುತ್ತಿದ್ದ ಆ ಕಾಲದಲ್ಲೇ ಪವಿತ್ರಗ್ರಂಥದೊಳಗೆ ಅದು ಭಯದ ಭಾರ ಹೊರಲು ನೇಮಕವಾಯಿತು. ಅನುವಾದಕರನ್ನು ದೂರುವಂತಿಲ್ಲ. ‘ಟೆರಿಬಲ್’ ಎಂದರೆ ಅಷ್ಟುಹೊತ್ತಿಗೆ ‘ಕೆಟ್ಟದ್ದು’ ಎಂದಾಗಿತ್ತು. ದೇವರನ್ನು ಕೆಟ್ಟವರೆನ್ನುವುದಕ್ಕಿಂತ ಸವೆದ ನಾಣ್ಯವೇ ವಾಸಿ.

1988ರಲ್ಲಿ ಅಮೆರಿಕದ ಗಾಯಕ ರಿಚ್ ಮುಲಿನ್ಸ್ ‘ಆಸಮ್ ಗಾಡ್’ ಎಂಬ ಹಾಡನ್ನು ಹೊರತಂದರು. ನಮ್ಮ ಯುವ ಶಿಬಿರಗಳಲ್ಲಿ ಗಿಟಾರ್ ಹಿಡಿದವರೆಲ್ಲರಿಗೂ ಅದು ಗೊತ್ತು. ಅದನ್ನು ಹಗುರ ಹಾಡೆಂದು ಅನೇಕ ಗುರುಗಳು ಟೀಕಿಸಿದ್ದನ್ನು ಕೇಳಿದ್ದೇನೆ. ಅವರು ಚರಣಗಳನ್ನು ಓದಿರಲಾರರೆಂದು ನನ್ನ ಅನುಮಾನ. ಅಲ್ಲಿ ಗುಡುಗು ಮಿಂಚುಗಳಿವೆ, ಏದೆನ್ ತೋಟದಿಂದಾದ ಹೊರದೂಡಿಕೆಯಿದೆ, ಸೊದೋಮಿನ ಮೇಲಿನ ನ್ಯಾಯತೀರ್ಪಿದೆ, ಕೊನೆಗೆ ಶಿಲುಬೆಯಿದೆ. ಕವಿ ಆ ಪದವನ್ನು ಅದರ ಹಳೆಯ ತೂಕದಲ್ಲೇ ಎತ್ತಲು ಹವಣಿಸಿದ್ದಾರೆ. ಆದರೆ ಲೋಕದೆಲ್ಲೆಡೆ ಹಾಡುವವರು ಉಳಿಸಿಕೊಂಡದ್ದು ಪಲ್ಲವಿಯನ್ನು ಮಾತ್ರ. ಚರಣಗಳು ಉದುರಿದವು. ವಿಶೇಷಣ ಉಳಿಯಿತು, ಅದಕ್ಕೆ ಕಾರಣಗಳು ಹೋದವು. ನನ್ನ ವಿಮರ್ಶೆ ಆ ಹಾಡಿನ ಮೇಲಲ್ಲ, ಈ ಉದುರುವಿಕೆಯ ಮೇಲೆ. ಇಸ್ರಯೇಲಿನ ಸ್ತುತಿಗೀತೆಗಳು ಸಾಮಾನ್ಯವಾಗಿ ಹೀಗೆ ಮಾಡುವುದಿಲ್ಲ. ಸರ್ವೇಶ್ವರರನ್ನು ಕೊಂಡಾಡಿರೆಂದು ಕರೆದ ಬೆನ್ನಿಗೆ ‘ಏಕೆಂದರೆ’ ಎಂದು ಆರಂಭಿಸಿ ಅವರು ಮಾಡಿದ್ದನ್ನು ಹೇಳುತ್ತವೆ.

ಈ ಹಾಡುಗಳೂ ಪ್ರಾರ್ಥನೆಗಳೂ ಕನ್ನಡಕ್ಕೆ ಬರುವಾಗ ‘ಆಸಮ್’ ಬಹುಮಟ್ಟಿಗೆ ‘ಅದ್ಭುತ’ವಾಗುತ್ತದೆ. ಅದ್ಭುತ ಒಳ್ಳೆಯ ಪದ, ಆದರೆ ‘ನೋರಾ’ದ ಅರ್ಧ ಮಾತ್ರ. ನಮ್ಮ ಕಾವ್ಯಮೀಮಾಂಸೆ ಅದ್ಭುತವನ್ನೂ ಭಯಾನಕವನ್ನೂ ಬೇರೆ ಬೇರೆ ರಸಗಳಾಗಿ ಎಣಿಸಿ, ಒಂದಕ್ಕೆ ವಿಸ್ಮಯವನ್ನೂ ಇನ್ನೊಂದಕ್ಕೆ ಭಯವನ್ನೂ ಸ್ಥಾಯಿಭಾವವಾಗಿ ಕೊಟ್ಟಿದೆ. ಯಕೋಬನಲ್ಲಿ ಇವೆರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ಪ್ರಸಂಗವನ್ನು ನಿಧಾನವಾಗಿ ಓದಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಅಣ್ಣನನ್ನು ವಂಚಿಸಿ ಓಡಿಬಂದು ಕಲ್ಲಿನ ಮೇಲೆ ತಲೆಯಿಟ್ಟು ಮಲಗಿದವನಿಗೆ ಕನಸಿನಲ್ಲಿ ದೇವರು ಒಂದು ಗದರಿಕೆಯ ಮಾತನ್ನೂ ಆಡುವುದಿಲ್ಲ. ನಾಡು ಕೊಡುವೆ, ಸಂತತಿ ಕೊಡುವೆ, ಹೋದಲ್ಲೆಲ್ಲ ಕಾಯುವೆ, ಮರಳಿ ಕರೆತರುವೆ, ಎಲ್ಲ ವಾಗ್ದಾನಗಳೇ. ಅಷ್ಟೆಲ್ಲ ಕೇಳಿದ ಮೇಲೆ ಅವನು ಭಯಪಡುತ್ತಾನೆ. ಶಿಕ್ಷೆಯ ನಿರೀಕ್ಷೆಯಿಂದ ಹುಟ್ಟಿದ ಭಯ ಇದಲ್ಲ. ತಾನು ಯಾರ ಸನ್ನಿಧಿಯಲ್ಲಿ ಅರಿಯದೆ ಮಲಗಿದ್ದೆ ಎಂಬುದು ಗೊತ್ತಾದ ಭಯ. ಸಂತ ತೋಮಸ್ ಅಕ್ವಿನಾಸರು ದಾಸನ ಭಯ, ಮಗನ ಭಯ ಎಂದು ವಿಂಗಡಿಸಿ, ಎರಡನೆಯದು ಪವಿತ್ರಾತ್ಮರ ವರದಾನವೆಂದೂ ಸ್ವರ್ಗದಲ್ಲಿಯೂ ಅದು ಅಳಿಯದೆಂದೂ ಹೇಳುವುದು ಇದನ್ನೇ. ರುಡಾಲ್ಫ್ ಒಟ್ಟೋ 1917ರ ತಮ್ಮ ಕೃತಿಯಲ್ಲಿ ನಡುಗಿಸುವ, ಸೆಳೆಯುವ ರಹಸ್ಯವೆಂದದ್ದನ್ನೂ ಇಲ್ಲಿ ಸೇರಿಸಬಹುದು. ಆದರೆ ಆ ಸೂತ್ರವನ್ನು ಉತ್ತರಪತ್ರಿಕೆಗಳಲ್ಲಿ ಓದಿ ಓದಿ ನನಗೆ ದಣಿವಾಗಿದೆ. ಅದನ್ನು ಬರೆದ ವಿದ್ಯಾರ್ಥಿಗೆ ನಡುಕ ಬಂದಂತೆ ಎಂದೂ ಅನ್ನಿಸಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಪಾಠದ ಕೋಣೆಯ ಮಾತು. ಇದು ನನಗೆ ಪಾಠವಾಗಿ ಉಳಿಯದಂತೆ ಮಾಡಿದ ಒಂದು ಸಂದರ್ಭವನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಧರ್ಮಕೇಂದ್ರವೊಂದರಲ್ಲಿ ಆರು ವರ್ಷದ ಮಗುವಿನ ಅಂತ್ಯಸಂಸ್ಕಾರ ನಡೆಸಬೇಕಾಯಿತು. ಮೂರು ದಿನದ ಜ್ವರದಲ್ಲಿ ಮಗು ಹೋಗಿತ್ತು. ಪ್ರಬೋಧನೆಯ ನಡುವೆ ನಾನು, ನಮ್ಮ ದೇವರು ಅದ್ಭುತ ದೇವರು, ಎಂದೆ. ಬರೆದುಕೊಂಡ ಮಾತಲ್ಲ, ಭಾನುವಾರಗಳ ರೂಢಿಯಿಂದ ಬಾಯಿಗೆ ಬಂದದ್ದು. ಸಮಾಧಿಯ ಬಳಿಯಿಂದ ಹಿಂದಿರುಗುವಾಗ ಮಗುವಿನ ಅಜ್ಜಿ ನನ್ನ ಕೈ ಹಿಡಿದುಕೊಂಡು, “ಸ್ವಾಮಿ, ಆ ಒಂದು ಮಾತು ಇವತ್ತು ಬೇಡವಾಗಿತ್ತು,” ಎಂದರು. ದನಿಯಲ್ಲಿ ಕೋಪವಿರಲಿಲ್ಲ. ಆಕೆ ಆ ದಿನವೂ ಜಪಸರ ಬಿಟ್ಟಿರಲಿಲ್ಲ, ಪರಮಪ್ರಸಾದ ಸ್ವೀಕರಿಸಿದ್ದರು. ನಾನು ಏನೋ ತೊದಲಿದೆ. ವಿಶ್ವಾಸ ಕುಗ್ಗಿದೆ, ಕಾಲ ಮಾಗಿಸುತ್ತದೆ ಎಂದು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡೆ. ಆ ತೀರ್ಮಾನ ಎಷ್ಟು ತಪ್ಪೆಂದು ತಿಳಿಯಲು ನನಗೆ ಯೆಹೂದ್ಯ ಗುರುಗಳ ಒಂದು ಚರ್ಚೆ ಬೇಕಾಯಿತು.

ಬಾಬಿಲೋನಿನ ತಾಲ್ಮೂದಿನ ‘ಯೋಮಾ’ ಸಂಪುಟದಲ್ಲಿ ಆ ಚರ್ಚೆ ಬರುತ್ತದೆ. ಮೋಶೆ ದೇವರನ್ನು ಮೂರು ವಿಶೇಷಣಗಳಿಂದ ಕರೆದ: ಮಹಾನ್, ಪರಾಕ್ರಮಿ, ನೋರಾ. ಧರ್ಮೋಪದೇಶಕಾಂಡ 10:17ರ ಈ ತ್ರಿವಳಿ ಯೆಹೂದ್ಯರ ನಿತ್ಯಪ್ರಾರ್ಥನೆಯ ಮೊದಲ ಆಶೀರ್ವಚನದಲ್ಲಿ ಇಂದಿಗೂ ಇದೆ. ಗುರುಗಳು ಗಮನಿಸಿದ್ದೇನೆಂದರೆ, ಯೆರೆಮೀಯ 32:18ರ ಪ್ರಾರ್ಥನೆಯಲ್ಲಿ ಪ್ರವಾದಿ ಮಹಾನ್ ಎನ್ನುತ್ತಾನೆ, ಪರಾಕ್ರಮಿ ಎನ್ನುತ್ತಾನೆ, ಅಲ್ಲಿಗೆ ನಿಲ್ಲುತ್ತಾನೆ. ‘ನೋರಾ’ ಇಲ್ಲ. ಅತ್ತ ದಾನಿಯೇಲ 9:4ರಲ್ಲಿ ಮಹಾನ್ ಇದೆ, ನೋರಾ ಇದೆ, ‘ಪರಾಕ್ರಮಿ’ ಇಲ್ಲ. ಗುರುಗಳ ವಿವರಣೆ ಇದು: ಪರಕೀಯರು ಪವಿತ್ರಾಲಯದಲ್ಲಿ ಅಬ್ಬರಿಸುತ್ತಿರುವಾಗ ದೇವರ ಭೀಕರ ಮಹಿಮೆ ಎಲ್ಲಿ ಎಂದು ಯೆರೆಮೀಯ ಆ ಪದವನ್ನು ಬಿಟ್ಟ; ದೇವರ ಮಕ್ಕಳು ಪರರ ಅಡಿಯಾಳಾಗಿರುವಾಗ ಪರಾಕ್ರಮ ಎಲ್ಲಿ ಎಂದು ದಾನಿಯೇಲ ಇನ್ನೊಂದನ್ನು ಬಿಟ್ಟ. ಮೋಶೆ ವಿಧಿಸಿದ್ದನ್ನು ಕತ್ತರಿಸುವ ಧೈರ್ಯ ಇವರಿಗೆ ಹೇಗೆ ಬಂತು? ದೇವರು ಸತ್ಯವಂತರೆಂದು ಬಲ್ಲವರಾದ್ದರಿಂದ ದೇವರೆದುರು ಸುಳ್ಳಾಡಲು ಅವರು ಒಪ್ಪಲಿಲ್ಲ ಎಂಬುದು ರಬ್ಬಿ ಎಲಿಯಾಜರನ ಉತ್ತರ.

ಬೈಬಲ್ ವಿದ್ವಾಂಸರು ಒಡನೆ ಆಕ್ಷೇಪಿಸಬಹುದು. ಯೆರೆಮೀಯನ 32ನೆಯ ಅಧ್ಯಾಯದ ಕಾಲಕ್ಕೆ ಜೆರುಸಲೇಮ್ ಮುತ್ತಿಗೆಯಲ್ಲಿತ್ತು, ದೇವಾಲಯ ಇನ್ನೂ ಬಿದ್ದಿರಲಿಲ್ಲ. ಗುರುಗಳ ಕಾಲಗಣನೆ ಸಡಿಲ. ಒಂದು ಪದ ಬಿಟ್ಟುಹೋಗುವುದಕ್ಕೆ ನೂರು ಕಾರಣಗಳಿರಬಹುದೆಂಬುದೂ ನಿಜ. ಆದರೂ ಆ ಪ್ರಾರ್ಥನೆಯನ್ನು ಮೂರು ವಾಕ್ಯ ಮುಂದೆ ಓದಿದರೆ ಗುರುಗಳ ಕಿವಿ ಸೂಕ್ಷ್ಮವಾಗಿತ್ತೆಂದೇ ನನಗನ್ನಿಸುತ್ತದೆ. 21ನೆಯ ವಾಕ್ಯದಲ್ಲಿ, ಇಸ್ರಯೇಲರನ್ನು ಈಜಿಪ್ಟಿನಿಂದ ಹೊರತಂದುದನ್ನು ನೆನೆಯುವಾಗ, ಅದೇ ಧಾತುವಿನ ನಾಮಪದ ‘ಮೋರಾ’ ಬರುತ್ತದೆ: ಮಹಾಭೀತಿಯೊಡನೆ ತಂದಿರಿ ಎಂದು. ಅಂದರೆ ಪ್ರವಾದಿ ಆ ಮಾತನ್ನು ಮರೆತಿಲ್ಲ. ಅಂದು ನಡೆದುದಕ್ಕೆ ಸಾಕ್ಷಿಯಾಗಿ ಅದನ್ನು ಹೇಳುತ್ತಾನೆ. ಇಂದಿನ ಸಂಬೋಧನೆಯಲ್ಲಿ ಹೇಳುವುದಿಲ್ಲ. ಅಷ್ಟೇ ಅಲ್ಲ, ಅವನು ಪ್ರಾರ್ಥಿಸುತ್ತಿರುವುದು ಕಾವಲಿನವರ ಅಂಗಳದಲ್ಲಿ ಸೆರೆಯಾಳಾಗಿದ್ದು, ಶತ್ರುಗಳ ಕೈಸೇರಲಿರುವ ನಾಡಿನಲ್ಲಿ ಹದಿನೇಳು ಶೆಕೆಲ್ ಬೆಳ್ಳಿ ತೂಗಿ ಅನಾತೋತಿನ ಹೊಲವನ್ನು ಕೊಂಡ ಮೇಲೆ. ಹೊಲ ಕೊಳ್ಳುವಷ್ಟು ನಂಬಿಕೆ ಇತ್ತು. ಆ ವಿಶೇಷಣವನ್ನು ಆಡುವಷ್ಟು ಸುಳ್ಳುತನ ಇರಲಿಲ್ಲ. ಅಜ್ಜಿಯ ಜಪಸರವೂ ಅಜ್ಜಿಯ ಮಾತೂ ನನಗೆ ಅರ್ಥವಾದದ್ದು ಇಲ್ಲಿ. ವಿಶ್ವಾಸ ಕುಗ್ಗಿದ್ದು ಯಾರದೆಂದೂ.

ಆಸಮ್ ಎಂಬ ಪದದ ಆಡುಬಳಕೆಗೂ ಆರಾಧನೆಯ ಬಳಕೆಗೂ ಇರುವ ನಿಜವಾದ ವ್ಯತ್ಯಾಸವನ್ನು ನಿಘಂಟು ಹೇಳಲಾರದು. ಸಾರನ್ನು ಆಸಮ್ ಎನ್ನುವಾಗ ಆ ಪದ ಇದ್ದರೂ ಬಿಟ್ಟರೂ ಏನೂ ಆಗದು. ಆರಾಧನೆಯಲ್ಲಿ ಅದು ಸಾಕ್ಷ್ಯದ ಪದ. ಬಿಡುವುದಕ್ಕೂ ಅಲ್ಲಿ ಅರ್ಥವಿದೆ. ಎಂದೂ ಬಿಡಲಾಗದ ವಿಶೇಷಣವನ್ನು ನಾವು ನಿಜವಾಗಿ ಆಡುತ್ತಿಲ್ಲ, ಅದು ತಾನೇ ಆಡಿಸಿಕೊಳ್ಳುತ್ತಿದೆ. ಭಾನುವಾರದ ನನ್ನ ‘ಅದ್ಭುತ’ ಅಂಥದಾಗಿತ್ತು. ಆ ದೃಷ್ಟಿಯಿಂದ ಅದು ಊಟದ ಮನೆಯ ಆಸಮ್‌ಗಿಂತ ಮೇಲಿನದೇನೂ ಆಗಿರಲಿಲ್ಲ. ಭಾಷೆ ಮಾತ್ರ ಶಿಷ್ಟವಾಗಿತ್ತು.

ತಾಲ್ಮೂದಿನಲ್ಲೇ ಇನ್ನೊಂದು ಪ್ರಸಂಗ, ‘ಬೆರಾಖೋತ್’ ಸಂಪುಟದ್ದು. ರಬ್ಬಿ ಹನೀನನ ಮುಂದೆ ಪ್ರಾರ್ಥನೆ ನಡೆಸುತ್ತಿದ್ದವನೊಬ್ಬ ಮೂರು ವಿಶೇಷಣಗಳ ಮೇಲೆ ಮತ್ತಷ್ಟು ಪೇರಿಸುತ್ತ ಹೋದ. ಹನೀನ ಅವನು ಮುಗಿಸುವವರೆಗೆ ಕಾದು, ಒಡೆಯರ ಸ್ತುತಿಯನ್ನೆಲ್ಲ ಮುಗಿಸಿಬಿಟ್ಟೆಯಾ ಎಂದು ಕೇಳಿದ. ಆ ಮೂರನ್ನಾದರೂ ನಾವು ಹೇಳುವುದು ಮೋಶೆ ಹೇಳಿದ್ದರಿಂದ, ಮಹಾಸಭೆ ಅದನ್ನು ಪ್ರಾರ್ಥನೆಯಲ್ಲಿ ಸ್ಥಾಪಿಸಿದ್ದರಿಂದ. ಚಿನ್ನದ ನಾಣ್ಯಗಳ ರಾಶಿಯುಳ್ಳ ಅರಸನನ್ನು ಬೆಳ್ಳಿಗಾಗಿ ಹೊಗಳಿದರೆ ಅದು ಅವಮಾನವಲ್ಲವೇ ಎಂದ. ಮಧ್ಯಯುಗದ ವ್ಯಾಖ್ಯಾನಕಾರ ರಾಶಿ ಇದೇ ಜಾಡಿನಲ್ಲಿ ಹೋಗುತ್ತಾನೆ. ವಿಮೋಚನಾಕಾಂಡ 15:11ರಲ್ಲಿ ದೇವರು ಸ್ತುತಿಗಳಲ್ಲಿ ‘ನೋರಾ’ ಎಂದಿರುವುದಕ್ಕೆ ಅವನ ಅರ್ಥ: ಸ್ತುತಿಯನ್ನು ಹೇಳುವುದೇ ಅಂಜಿಕೆಯ ಕೆಲಸ, ಅದು ಕಡಿಮೆಬಿದ್ದೀತೆಂದು. ನಮ್ಮ ಸ್ತುತಿ ಆರಾಧನೆಗಳಲ್ಲಿ ಮೈಕು ಹಿಡಿದು ಅದ್ಭುತ, ಅತಿಶಯ, ಅಪಾರ, ಅಗಮ್ಯ ಎಂದು ಉಸಿರುಗಟ್ಟುವಂತೆ ಪೇರಿಸುವವರಲ್ಲಿ ಈ ಅಂಜಿಕೆ ನನಗೆ ಕಂಡಿಲ್ಲ. ಅವರ ಪ್ರಾಮಾಣಿಕತೆಯನ್ನು ಪ್ರಶ್ನಿಸುತ್ತಿಲ್ಲ. ಮೌನಕ್ಕೆ ಅಲ್ಲಿ ಜಾಗವೇ ಇಲ್ಲವೆಂಬುದನ್ನು ಹೇಳುತ್ತಿದ್ದೇನೆ.

ಹಾಗಾದರೆ ಬಿಟ್ಟ ಪದ ಮರಳಿ ಬಂದದ್ದು ಹೇಗೆ? ನೆಹೆಮೀಯ 9:32ರಲ್ಲಿ ಮೂರೂ ವಿಶೇಷಣಗಳು ಮತ್ತೆ ಒಟ್ಟಿಗೆ ಬರುತ್ತವೆ. ಕಿರೀಟವನ್ನು ಅದರ ಮೊದಲಿನ ಶೋಭೆಗೆ ತಂದರೆಂದು ಗುರುಗಳು ಮಹಾಸಭೆಯನ್ನು ಕೊಂಡಾಡುತ್ತಾರೆ. ಕುತೂಹಲದ ಸಂಗತಿಯೆಂದರೆ, ಆ ಹೊತ್ತಿಗೂ ಏನೂ ಸರಿಹೋಗಿರಲಿಲ್ಲ. ಅದೇ ಪ್ರಾರ್ಥನೆಯ ಕೊನೆಯಲ್ಲಿ ಜನರು ತಾವು ತಮ್ಮ ಸ್ವಂತ ನಾಡಿನಲ್ಲೇ ಗುಲಾಮರಾಗಿದ್ದೇವೆಂದು ಅಳುತ್ತಾರೆ. ಬದಲಾದದ್ದು ಪದದ ಅರ್ಥ. ತಾಲ್ಮೂದಿನ ಪ್ರಕಾರ ಮಹಾಸಭೆಯವರು ಹೇಳಿದ್ದು, ದುಷ್ಟರ ಬಗ್ಗೆ ಕೋಪವನ್ನು ತಡೆಹಿಡಿದು ತಾಳಿಕೊಳ್ಳುವುದೇ ದೇವರ ಪರಾಕ್ರಮ; ಇಷ್ಟೊಂದು ಜನಾಂಗಗಳ ನಡುವೆ ಈ ಒಂದು ಪುಟ್ಟ ಜನಾಂಗ ಉಳಿದಿದೆಯಲ್ಲ, ಅದೇ ಅವರ ‘ನೋರಾ’. ಈ ಮಾತಿನ ಹಿಂದೆ ಒಂದು ಜನಾಂಗದ ಸಂಕಟದ ಶತಮಾನಗಳಿವೆ. ಅದನ್ನು ಎತ್ತಿಕೊಂಡು ಅವಸರದಲ್ಲಿ ಶಿಲುಬೆಗೆ ಅಂಟಿಸುವುದು ಸಭ್ಯತೆಯಲ್ಲ. ಆದರೂ ಕೋಪ ತಡೆಹಿಡಿದ ಪರಾಕ್ರಮವೆಂಬ ಮಾತನ್ನು ಓದುವಾಗ ಕ್ರೈಸ್ತನ ಕಣ್ಣು ಎಲ್ಲಿಗೆ ಹೋಗುತ್ತದೆಂದು ನಾನು ಹೇಳಬೇಕಿಲ್ಲ. ಮಾರ್ಕನ ಶುಭಸಂದೇಶದ ಅತಿ ಹಳೆಯ ಪ್ರತಿಗಳು ಮುಗಿಯುವುದು 16:8ರಲ್ಲಿ: ಬರಿದಾದ ಸಮಾಧಿ, ನಡುಗುತ್ತ ಓಡಿದ ಸ್ತ್ರೀಯರು, ಯಾರಿಗೂ ಏನೂ ಹೇಳದ ಭಯ. ಪುನರುತ್ಥಾನಕ್ಕೆ ಅವರ ಬಾಯಲ್ಲಿ ವಿಶೇಷಣವೇ ಸಿಗಲಿಲ್ಲ.

ಅನುವಾದದ ಪ್ರಶ್ನೆ ಉಳಿಯಿತು. ‘ನೋರಾ’ಕ್ಕೆ ‘ಭಯಂಕರ’ ಎಂದರೆ ಭೂತದ ನೆನಪಾಗುತ್ತದೆ. ‘ಘೋರ’ ಅಪಘಾತದ ಸುದ್ದಿಯ ಪದವಾಗಿದೆ. ‘ಗಂಭೀರ’ ಆಸ್ಪತ್ರೆಯ ಪಾಲಾಗಿದೆ. ನನ್ನ ಒಲವು ನಮ್ಮ ಜನ ಮೊದಲಿನಿಂದ ಬಳಸುತ್ತ ಬಂದ ‘ಭಯಭಕ್ತಿ’ಯ ಕಡೆಗೆ. ಇಂಗ್ಲಿಷು ಒಂದು ಪದದೊಳಗೆ ಹಿಡಿದಿಡಲಾಗದೆ ಕಳೆದುಕೊಂಡದ್ದನ್ನು ಕನ್ನಡ ಜೋಡಿಪದದಲ್ಲಿ ಕಟ್ಟಿಟ್ಟಿದೆ. ಒಂದು ಸವೆದರೆ ಇನ್ನೊಂದು ಕಾಯುತ್ತದೆ. ‘ಭಯಭಕ್ತಿಗೆ ಪಾತ್ರರಾದ ದೇವರು’ ಎಂಬುದು ಉದ್ದ, ಹಾಡಿಗೆ ಒಗ್ಗದು ಎಂದು ಗಾನವೃಂದದವರು ಹೇಳುತ್ತಾರೆ. ಒಗ್ಗದಿದ್ದರೆ ಬೇಡ, ಹಾಡಿನಲ್ಲಿ ‘ಅದ್ಭುತ’ ಇರಲಿ, ಅದಕ್ಕೆ ಕಾರಣ ಹೇಳುವ ಚರಣಗಳೂ ಇರಲಿ. ಪಠ್ಯದಲ್ಲಿ ಮಾತ್ರ ಯೆರೆಮೀಯ 32:18ಕ್ಕೆ ಬಂದಾಗ ಅನುವಾದಕರು, ಓದುವವರು, ಬೋಧಿಸುವವರು ರೂಢಿಬಲದಿಂದ ಮೂರನೆಯ ವಿಶೇಷಣವನ್ನು ಸೇರಿಸದಿರಲಿ.

ಬೇತೇಲಿನ ಪ್ರಬೋಧನೆ ಮಾಡಿದ ಆ ಗುರುವಿದ್ಯಾರ್ಥಿ ಈಗ ಧರ್ಮಕೇಂದ್ರವೊಂದರಲ್ಲಿ ತರಬೇತಿಯಲ್ಲಿದ್ದಾರೆ. ಹೋದ ತಿಂಗಳು ಫೋನು ಮಾಡಿ, ಮೊದಲ ಬಾರಿ ಸಾವಿನ ಮನೆಗೆ ಹೋಗಬೇಕಾಗಿದೆ, ಏನು ಹೇಳಲಿ ಎಂದು ಕೇಳಿದರು. ಮೊದಲು ಅವರ ಜೊತೆ ಕುಳಿತು ಜಪಸರ ಮಾಡಿ, ದೇವರ ಬಗ್ಗೆ ವಿಶೇಷಣ ಬಳಸಬೇಕಾಗಿ ಬಂದರೆ ಆ ಮನೆಯವರು ಬಳಸುವುದನ್ನು ಕೇಳಿ ಬಳಸಿ ಎಂದೆ. ಸಂಜೆ ಮತ್ತೆ ಫೋನು ಬಂತು. ಆ ಮನೆಯವರು ದೇವರನ್ನು ‘ಅಪ್ಪಾ’ ಎಂದಷ್ಟೇ ಕರೆದರಂತೆ, ಅದರ ಹಿಂದೆ ಏನನ್ನೂ ಸೇರಿಸಲಿಲ್ಲವಂತೆ.